ಎತ್ತಿಗೆ ಜ್ವರ, ಎಮ್ಮೆಗೆ ಬರೆ: ವರ್ಡ್‌ಪ್ರೆಸ್ ಕೈಕೊಟ್ಟಾಗ ದೋಷ ಹುಡುಕುವ ಬಗೆ

ಜಾಲತಾಣ ನಡೆಸಲು ಬಳಸುವ ತಂತ್ರಾಂಶ ವರ್ಡ್‌ಪ್ರೆಸ್. ಅದು ತೆರೆಯ ಮೇಲೆ ತೋರಿಸುವ ದೋಷಸಂದೇಶಕ್ಕೂ ಒಳಗೆ ನಿಜವಾಗಿ ಆಗಿರುವುದಕ್ಕೂ ಅನೇಕ ಸಲ ನಂಟೇ ಇರುವುದಿಲ್ಲ. ಸರ್ವರ್‌ನ ಮಿತಿ ಮೀರಿದ ಫೈಲ್ ಕಳಿಸಿದರೆ ‘ಲಿಂಕ್‌ನ ಅವಧಿ ಮುಗಿದಿದೆ’ ಎನ್ನುತ್ತದೆ. ದಾಳಿ ತಡೆಯುವ ಕಾವಲಾದ ಫೈರ್‌ವಾಲ್ ತಡೆದರೆ ‘ಜೇಸನ್ ಸರಿಯಿಲ್ಲ’ (ಜೇಸನ್ ಎಂದರೆ ಸರ್ವರ್ ಮಾಹಿತಿ ಕಳಿಸುವ ಒಂದು ರೂಪ) ಎನ್ನುತ್ತದೆ. ಸಂದೇಶವನ್ನಷ್ಟೇ ನಂಬಿ ರಿಪೇರಿಗೆ ಇಳಿದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆದಂತಾಗುತ್ತದೆ. ಆದ್ದರಿಂದ ಇಲ್ಲಿ ತೆರೆಯ ಮೇಲೆ ಕಾಣುವ ಲಕ್ಷಣದಿಂದ ಹೊರಟು, ದೋಷ ನಿಜವಾಗಿ ಎಲ್ಲಿ ಕೂತಿರುತ್ತದೆ ಎಂಬಲ್ಲಿಗೆ ಹೋಗುವ ದಾರಿಯನ್ನು ಕೊಟ್ಟಿದೆ. ಸ್ವಂತ ಹೋಸ್ಟಿಂಗ್‌ನಲ್ಲಿ (ಸೈಟ್ ಇಡಲು ಪಡೆದ ಸರ್ವರ್ ಜಾಗದಲ್ಲಿ) ನಡೆಯುವ ವರ್ಡ್‌ಪ್ರೆಸ್‌ಗೆ ಇದು ಅನ್ವಯಿಸುತ್ತದೆ.

ಕೈ ಹಚ್ಚುವ ಮೊದಲು

ಫೈಲ್‌ಗಳು ಮತ್ತು ಡೇಟಾಬೇಸ್ ಎರಡರ ಬ್ಯಾಕಪ್ ತೆಗೆಯಿರಿ. ಒಂದೇ ಇದ್ದರೆ ಅದು ಅರ್ಧ ಬ್ಯಾಕಪ್: ಬರಹಗಳು, ಸೆಟ್ಟಿಂಗ್‌ಗಳು ಡೇಟಾಬೇಸ್‌ನಲ್ಲಿ, ಚಿತ್ರಗಳು, ಥೀಮ್ (ಸೈಟ್‌ನ ವಿನ್ಯಾಸ), ಪ್ಲಗಿನ್‌ಗಳು (ಹೆಚ್ಚುವರಿ ಸೌಲಭ್ಯ ಕೊಡುವ ತುಣುಕುಗಳು) ಫೈಲ್‌ಗಳಲ್ಲಿ. ಬಳಿಕ, ಸೈಟ್ ಸರಿಯಿದ್ದ ಕೊನೆಯ ಹೊತ್ತಿನಿಂದ ಈಚೆಗೆ ಏನೇನು ಬದಲಾಗಿದೆ ಎಂದು ಬರೆದಿಟ್ಟುಕೊಳ್ಳಿ. ಪ್ಲಗಿನ್ ತಾನಾಗಿಯೇ ಅಪ್‌ಡೇಟ್ ಆದದ್ದು, ಹೋಸ್ಟಿಂಗ್‌ನವರು ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಪ್ರೋಗ್ರಾಂ ಭಾಷೆ) ಆವೃತ್ತಿ ಏರಿಸಿದ್ದು ಕೂಡ ಬದಲಾವಣೆಯೇ. ‘ಏನೂ ಮಾಡಿಲ್ಲ, ತಾನಾಗಿ ಕೆಟ್ಟಿತು’ ಎನ್ನುವ ಪ್ರಕರಣಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಈ ಎರಡನ್ನು.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ. ಮೂರು ಮಾಡಿ ಸರಿಹೋದರೆ ಯಾವುದರಿಂದ ಸರಿಹೋಯಿತೋ ತಿಳಿಯದು. ಮುಂದಿನ ಸಲ ಮತ್ತೆ ಮೂರನ್ನೂ ಮಾಡಬೇಕು.

ಇನ್ನೊಂದು, ಯಾರೂ ಮೊದಲು ನೋಡದ ಜಾಗ: ಹೋಸ್ಟಿಂಗ್‌ನ ಡಿಸ್ಕ್ ತುಂಬಿದೆಯೇ? ತುಂಬಿದ ಡಿಸ್ಕ್ ‘ನಾನು ತುಂಬಿದ್ದೇನೆ’ ಎಂದು ಹೇಳುವುದಿಲ್ಲ. ಚಿತ್ರ ಏರುವುದಿಲ್ಲ, ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ, ಡೇಟಾಬೇಸ್ ಬರೆಯಲು ಒಪ್ಪುವುದಿಲ್ಲ, ಲಾಗ್ ಕೂಡ ಬೆಳೆಯುವುದಿಲ್ಲ. ಜಿಬಿ ಲೆಕ್ಕದಲ್ಲಿ ಜಾಗವಿದ್ದರೂ ಫೈಲ್‌ಗಳ ಸಂಖ್ಯೆಯ ಮಿತಿ ಮುಗಿದಿರಬಹುದು, ಅದನ್ನೂ ನೋಡಿ. ಸರ್ವರ್‌ನಲ್ಲೇ ರಾಶಿ ಬಿದ್ದ ಹಳೆಯ ಬ್ಯಾಕಪ್‌ಗಳು ಇದಕ್ಕೆ ಸಾಮಾನ್ಯ ಕಾರಣ.

ಬದಲಾಯಿಸಿದ್ದು ಕಾಣುತ್ತಿಲ್ಲ

ಪುಟ ತಿದ್ದಿ ಅಪ್‌ಡೇಟ್ ಒತ್ತಿದ್ದೀರಿ, ನಿಮಗೆ ಹೊಸದು ಕಾಣುತ್ತಿದೆ, ಬೇರೆಯವರಿಗೆ ಹಳೆಯದೇ. ಇದು ಕ್ಯಾಶ್‌ನ, ಅಂದರೆ ವೇಗಕ್ಕಾಗಿ ಕೂಡಿಟ್ಟ ಪ್ರತಿಯ ಕೆಲಸ. ಲಾಗಿನ್ ಆದವರಿಗೆ ಪುಟವನ್ನು ಹೊಸದಾಗಿ ಕಟ್ಟಿಕೊಡುವುದು, ಉಳಿದವರಿಗೆ ಮೊದಲೇ ಕಟ್ಟಿಟ್ಟ ಪ್ರತಿ ಕೊಡುವುದು ಪೇಜ್ ಕ್ಯಾಶ್‌ಗಳ ಸಾಮಾನ್ಯ ರೀತಿ. ಹಾಗಾಗಿ ಪರೀಕ್ಷೆ ಯಾವಾಗಲೂ ಇನ್‌ಕಾಗ್ನಿಟೊ ಕಿಟಕಿಯಲ್ಲೇ ಆಗಲಿ.

ಅಲ್ಲಿ ಹಳೆಯದು ಕಂಡರೆ, ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಏನಾದರೊಂದು ಅಕ್ಷರ, ಸಮಚಿಹ್ನೆ, ಅಂಕಿ ಸೇರಿಸಿ ತೆರೆಯಿರಿ. ಹೊಸದು ಬಂದರೆ ಬರಹ ಸರಿಯಾಗಿ ಸೇವ್ ಆಗಿದೆ, ತಡೆದಿರುವುದು ಪೇಜ್ ಕ್ಯಾಶ್ ಅಥವಾ ಸಿಡಿಎನ್ (ಸೈಟ್‌ನ ಪ್ರತಿಗಳನ್ನು ಬೇರೆ ಬೇರೆ ಕಡೆಯ ಸರ್ವರ್‌ಗಳಿಂದ ಹಂಚುವ ಜಾಲ). ಆಗಲೂ ಹಳೆಯದೇ ಬಂದರೆ ಆಬ್ಜೆಕ್ಟ್ ಕ್ಯಾಶ್ (ಡೇಟಾಬೇಸ್‌ನ ಉತ್ತರಗಳನ್ನು ಕೂಡಿಡುವ ಕ್ಯಾಶ್) ಇರಬಹುದು, ಇಲ್ಲವೇ ಸೇವ್ ಆಗಿಯೇ ಇಲ್ಲ. ಕೆಲವು ಕ್ಯಾಶ್‌ಗಳು ಈ ಬಾಲವನ್ನು ಲೆಕ್ಕಕ್ಕೇ ಹಿಡಿಯದಂತೆ ಹೊಂದಿಸಿರುತ್ತಾರೆ. ಆದ್ದರಿಂದ ಬ್ರೌಸರ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ನಲ್ಲಿ ಪುಟದ ಮೊದಲ ಸಾಲನ್ನು ಕ್ಲಿಕ್ಕಿಸಿ, ರೆಸ್ಪಾನ್ಸ್ ಹೆಡರ್‌ಗಳಲ್ಲಿ ‘ಏಜ್’ ಎಂಬುದಿದೆಯೇ ನೋಡಿ. ಅದರ ಮುಂದಿನ ಅಂಕಿ, ಆ ಪ್ರತಿ ಎಷ್ಟು ಸೆಕೆಂಡ್ ಹಳೆಯದು ಎಂಬುದು. 7200 ಇದ್ದರೆ ಎರಡು ಗಂಟೆ ಹಳಸಿದ ಪುಟ.

ಖಾಲಿ ಮಾಡುವಾಗ ಕ್ರಮ ಮುಖ್ಯ: ಒಳಗಿನಿಂದ ಹೊರಕ್ಕೆ. ಮೊದಲು ಆಬ್ಜೆಕ್ಟ್ ಕ್ಯಾಶ್, ಆಮೇಲೆ ಪೇಜ್ ಕ್ಯಾಶ್ ಪ್ಲಗಿನ್, ಹೋಸ್ಟಿಂಗ್‌ನವರದೇ ಸರ್ವರ್ ಕ್ಯಾಶ್ ಇದ್ದರೆ ಅದು, ನಂತರ ಸಿಡಿಎನ್, ಕಡೆಗೆ ಬ್ರೌಸರ್. ಉಲ್ಟಾ ಮಾಡಿದರೆ ಸಿಡಿಎನ್ ಖಾಲಿಯಾದ ಮರುಕ್ಷಣವೇ ಒಳಗಿನ ಹಳೆಯ ಪ್ರತಿಯನ್ನೇ ಮತ್ತೆ ತುಂಬಿಕೊಳ್ಳುತ್ತದೆ. ‘ಹತ್ತು ಸಲ ಕ್ಲಿಯರ್ ಮಾಡಿದೆ, ಹೋಗಲಿಲ್ಲ’ ಎನ್ನುವವರಲ್ಲಿ ಅನೇಕರು ಇದನ್ನೇ ಮಾಡಿರುತ್ತಾರೆ.

ಸೇವ್ ಆಗುತ್ತಿಲ್ಲ: ‘ನಾಟ್ ಎ ವ್ಯಾಲಿಡ್ ಜೇಸನ್ ರೆಸ್ಪಾನ್ಸ್’

ಮೊದಲ ಕೆಲಸ ರಿಪೇರಿಯಲ್ಲ, ಬರೆದದ್ದನ್ನು ಉಳಿಸಿಕೊಳ್ಳುವುದು. ಎಡಿಟರ್‌ನ ಬಲ ಮೇಲ್ತುದಿಯ ಮೂರು ಚುಕ್ಕಿಗಳ ಮೆನುವಿನಲ್ಲಿ ‘ಕಾಪಿ ಆಲ್ ಬ್ಲಾಕ್ಸ್’ ಒತ್ತಿ, ಒಂದು ಟೆಕ್ಸ್ಟ್ ಫೈಲ್‌ಗೆ ಅಂಟಿಸಿ. ಟ್ಯಾಬ್ ಮುಚ್ಚಬೇಡಿ, ಬ್ರೌಸರ್ ತನ್ನೊಳಗೆ ಇಟ್ಟುಕೊಂಡಿರುವ ಪ್ರತಿ ಆ ಟ್ಯಾಬ್‌ಗೆ ಮಾತ್ರ ಸೇರಿದ್ದು.

2018ರ ಡಿಸೆಂಬರ್‌ನಲ್ಲಿ ಬಂದ 5.0 ಆವೃತ್ತಿಯ ಬ್ಲಾಕ್ ಎಡಿಟರ್, ಸೇವ್ ಮಾಡಲು ರೆಸ್ಟ್ ಎಪಿಐ ಎಂಬ ಒಳದಾರಿಯನ್ನು ಬಳಸುತ್ತದೆ. ಹಳೆಯ ಎಡಿಟರ್ ಸಾಮಾನ್ಯ ಫಾರಂ ಕಳಿಸಿದಂತೆ ಸೇವ್ ಮಾಡುತ್ತಿತ್ತು. ಒಳದಾರಿಯಿಂದ ಜೇಸನ್ ರೂಪದ ಉತ್ತರ ಬರಬೇಕಾದ ಕಡೆ ಬೇರೆ ಏನೇ ಬಂದರೂ ಎಡಿಟರ್ ಹೇಳುವುದು ಈ ಒಂದೇ ಮಾತು. ಬಂದದ್ದೇನು ಎಂದು ನಾವೇ ನೋಡಬೇಕು. ಎಫ್12, ನೆಟ್‌ವರ್ಕ್ ಟ್ಯಾಬ್, ಮತ್ತೆ ಅಪ್‌ಡೇಟ್ ಒತ್ತಿ; ಕೆಂಪಾಗಿ ಬರುವ ಸಾಲಿನ ಸ್ಟೇಟಸ್ ಅಂಕಿ ಓದಿ.

404 ಬಂದರೆ ವಿಳಾಸ ಬರೆಯುವ ನಿಯಮಗಳು ಕೆಟ್ಟಿವೆ. ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್ ಪುಟ ತೆರೆದು, ಏನನ್ನೂ ಬದಲಿಸದೆ ಸೇವ್ ಒತ್ತಿ. ನಿಯಮಗಳು ಹೊಸದಾಗಿ ಬರೆಯಲ್ಪಡುತ್ತವೆ. ಮುಖಪುಟ ತೆರೆದು ಒಳಗಿನ ಲೇಖನಗಳೆಲ್ಲ 404 ಕೊಟ್ಟರೂ ಮದ್ದು ಇದೇ. ಆದರೆ ಎನ್‌ಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶ, ಈ ನಿಯಮಗಳು ಬರೆಯಲ್ಪಡುವ ಡಾಟ್ ಎಚ್‌ಟಿಆಕ್ಸೆಸ್ ಫೈಲನ್ನು ಓದುವುದೇ ಇಲ್ಲ, ಅಲ್ಲಿ ಸರ್ವರ್‌ನ ಕಾನ್ಫಿಗ್‌ನಲ್ಲೇ ನಿಯಮ ಇರಬೇಕು.

403 ಬಂದರೆ ಎರಡು ದಾರಿ. ರೆಸ್ಪಾನ್ಸ್‌ನಲ್ಲಿ ಕುಕಿ ಅಥವಾ ನಾನ್ಸ್ ಎಂಬ ಪದವಿದ್ದರೆ ನಿಮ್ಮ ಲಾಗಿನ್ ಹಳಸಿದೆ. ನಾನ್ಸ್ ಎಂಬುದು ಕೋರಿಕೆ ನಿಮ್ಮದೇ ಎಂದು ತೋರಿಸುವ ತಾತ್ಕಾಲಿಕ ಗುರುತು, ಅದರ ಆಯಸ್ಸು ಹೆಚ್ಚೆಂದರೆ 24 ಗಂಟೆ. ಇನ್ನೊಂದು ಟ್ಯಾಬ್‌ನಲ್ಲಿ ಲಾಗಿನ್ ಆಗಿ. ಬದಲಿಗೆ ಸರ್ವರ್‌ನದೇ ಒಂದು ‘ಫರ್ಬಿಡನ್’ ಪುಟ ಬಂದಿದ್ದರೆ ಅದು ಫೈರ್‌ವಾಲ್. ಖಚಿತಪಡಿಸಿಕೊಳ್ಳಲು ಹೊಸ ಪೋಸ್ಟ್‌ನಲ್ಲಿ ಒಂದೇ ಪದ ಬರೆದು ಸೇವ್ ಮಾಡಿ. ಅದು ಸೇವ್ ಆಗಿ ಇದು ಆಗದಿದ್ದರೆ, ಬರಹದೊಳಗಿನ ಯಾವುದೋ ತುಣುಕು ಫೈರ್‌ವಾಲ್‌ನ ಕಣ್ಣಿಗೆ ದಾಳಿಯಂತೆ ಕಂಡಿದೆ: ಸ್ಕ್ರಿಪ್ಟ್ ಟ್ಯಾಗ್, ಡೇಟಾಬೇಸ್ ಆಜ್ಞೆಯಂತಹ ಸಾಲು, ಸರ್ವರ್ ಫೈಲ್‌ನ ದಾರಿ. ಬರಹವನ್ನು ಅರ್ಧಕ್ಕೆ ಕತ್ತರಿಸಿ, ಸೇವ್ ಆಗದ ಅರ್ಧವನ್ನು ಮತ್ತೆ ಅರ್ಧ ಮಾಡಿ ಹುಡುಕಿ. ನಂತರ ಹೋಸ್ಟಿಂಗ್‌ನವರಿಗೆ ಸಮಯ, ನಿಮ್ಮ ಐಪಿ, ಆ ತುಣುಕು ಮೂರನ್ನೂ ಕೊಟ್ಟು ಆ ಒಂದು ನಿಯಮವನ್ನು ಮಾತ್ರ ಸಡಿಲಿಸಲು ಹೇಳಿ. ಇಡೀ ಫೈರ್‌ವಾಲ್ ಆರಿಸುತ್ತೇವೆ ಎಂದರೆ ಒಪ್ಪಬೇಡಿ.

ಸ್ಟೇಟಸ್ 200 ಇದ್ದೂ ಇದೇ ದೂರು ಬಂದರೆ ರೆಸ್ಪಾನ್ಸ್‌ನ ಮೊದಲ ಸಾಲು ನೋಡಿ. ಜೇಸನ್‌ನ ಮುಂಚೆ ಪಿಎಚ್‌ಪಿಯ ‘ವಾರ್ನಿಂಗ್’ ಒಂದು ನುಸುಳಿರುತ್ತದೆ. ಎಚ್ಚರಿಕೆಗಳನ್ನು ಪುಟದ ಮೇಲೆ ಮುದ್ರಿಸುವುದನ್ನು ನಿಲ್ಲಿಸಿದರೆ ಸೇವ್ ಸರಿಯಾಗುತ್ತದೆ, ಆದರೆ ಆ ವಾರ್ನಿಂಗ್ ಕೊಟ್ಟ ಪ್ಲಗಿನ್ ಯಾವುದೆಂದು ಗುರುತು ಹಾಕಿಕೊಳ್ಳಿ. ಇನ್ನು 500 ಬಂದರೆ ಕೆಳಗಿನ ಭಾಗಕ್ಕೆ ಹೋಗಿ.

ಬಿಳಿ ಪುಟ, ‘ಕ್ರಿಟಿಕಲ್ ಎರರ್’

2019ರ 5.2 ಆವೃತ್ತಿಯಿಂದ, ಪ್ಲಗಿನ್ ಅಥವಾ ಥೀಮ್ ಕುಸಿದಾಗ ವರ್ಡ್‌ಪ್ರೆಸ್ ಅಡ್ಮಿನ್ ವಿಳಾಸಕ್ಕೆ ರಿಕವರಿ ಲಿಂಕ್ ಇರುವ ಮೇಲ್ ಕಳಿಸುತ್ತದೆ. ದೋಷಿ ಪ್ಲಗಿನ್‌ನ ಹೆಸರೂ ಅದರಲ್ಲೇ ಇರುತ್ತದೆ. ಒಳ್ಳೆಯ ಏರ್ಪಾಡು, ಆದರೆ ಸೈಟ್‌ನಿಂದ ಮೇಲ್ ಹೋಗುತ್ತಿದ್ದರೆ ಮಾತ್ರ.

ಮೇಲ್ ಬಂದಿಲ್ಲವಾದರೆ ಲಾಗ್ ಹಚ್ಚಬೇಕು. ಎಫ್‌ಟಿಪಿ (ಸರ್ವರ್‌ನ ಫೈಲ್‌ಗಳನ್ನು ತಲುಪುವ ಒಂದು ವಿಧಾನ) ಅಥವಾ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್‌ನಲ್ಲಿ ಡಬ್ಲ್ಯೂಪಿ-ಕಾನ್ಫಿಗ್ ಫೈಲ್ ತೆರೆಯಿರಿ. ಡಬ್ಲ್ಯೂಪಿ ಡೀಬಗ್ ಮತ್ತು ಡಬ್ಲ್ಯೂಪಿ ಡೀಬಗ್ ಲಾಗ್ ಎರಡನ್ನು ‘ಟ್ರೂ’ ಮಾಡಿ, ಡಬ್ಲ್ಯೂಪಿ ಡೀಬಗ್ ಡಿಸ್‌ಪ್ಲೇಯನ್ನು ‘ಫಾಲ್ಸ್’ ಮಾಡಿ. ಈ ಹೆಸರುಗಳನ್ನು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಬರೆಯಬೇಕು. ‘ಸ್ಟಾಪ್ ಎಡಿಟಿಂಗ್’ ಎಂಬ ಟಿಪ್ಪಣಿ ಸಾಲಿನ ಮೇಲೆಯೇ ಇರಬೇಕು. ಕೆಳಗೆ ಬರೆದರೆ ಕೆಲಸಕ್ಕೆ ಬಾರದು. ವೆಬ್‌ಪುಟದಿಂದ ನಕಲು ಮಾಡಿ ಅಂಟಿಸಿದರೆ ನೇರ ಉದ್ಧರಣ ಚಿಹ್ನೆಗಳ ಜಾಗದಲ್ಲಿ ಬಾಗಿದವು ಬಂದು ಹೊಸದೊಂದು ದೋಷ ಹುಟ್ಟುತ್ತದೆ, ಅವನ್ನು ಕೈಯಿಂದಲೇ ಟೈಪ್ ಮಾಡಿ.

ಈಗ ಕೆಟ್ಟ ಪುಟವನ್ನು ಒಮ್ಮೆ ತೆರೆದು, ಡಬ್ಲ್ಯೂಪಿ-ಕಂಟೆಂಟ್ ಫೋಲ್ಡರ್‌ನಲ್ಲಿ ಹುಟ್ಟಿದ ಡೀಬಗ್ ಡಾಟ್ ಲಾಗ್ ಓದಿ. ‘ನೋಟಿಸ್’, ‘ಡೆಪ್ರಿಕೇಟೆಡ್’ ಸಾಲುಗಳು ನೂರಿದ್ದರೂ ಬಿಡಿ. ಬೇಕಾದದ್ದು ಕೊನೆಯ ‘ಫೇಟಲ್ ಎರರ್’. ಅದರಲ್ಲಿರುವ ಫೈಲ್ ದಾರಿಯಲ್ಲಿ ಪ್ಲಗಿನ್ಸ್ ಎಂಬುದರ ಮುಂದಿನ ಹೆಸರೇ ಸಾಮಾನ್ಯವಾಗಿ ದೋಷಿ. ಪಿಎಚ್‌ಪಿ 8ಕ್ಕೆ ಏರಿಸಿದ ಮೇಲೆ ‘ಅನ್‌ಡಿಫೈನ್ಡ್ ಫಂಕ್ಷನ್’ ಎಂದು ಬಂದು ಅಲ್ಲಿ ಕ್ರಿಯೇಟ್ ಫಂಕ್ಷನ್ ಅಥವಾ ಈಚ್ ಹೆಸರಿದ್ದರೆ, ಆ ಪ್ಲಗಿನ್ ಬಹಳ ಹಳೆಯದು: ಆ ಎರಡನ್ನೂ 8.0ರಲ್ಲಿ ತೆಗೆದುಹಾಕಲಾಗಿದೆ. ಬದಲಿ ಪ್ಲಗಿನ್ ಹುಡುಕುವುದೇ ಸರಿ.

ಇದಕ್ಕೊಂದು ಅಪವಾದವಿದೆ. ‘ಅಲೌಡ್ ಮೆಮೊರಿ ಸೈಜ್ ಆಫ್ 268435456 ಬೈಟ್ಸ್ ಎಕ್ಸಾಸ್ಟೆಡ್’ ಎಂಬ ಸಾಲಿನಲ್ಲಿ ಹೆಸರಿಸಿದ ಫೈಲ್ ದೋಷಿಯೇ ಆಗಿರಬೇಕಿಲ್ಲ. 256 ಎಂಬಿಯ ಕೊಡ ತುಂಬುವ ಹೊತ್ತಿಗೆ ಕೊನೆಯ ಚೊಂಬು ಹಾಕಿದವರ ಹೆಸರು ಮಾತ್ರ ಅಲ್ಲಿದೆ. ಮಿತಿ ಏರಿಸಿ ನೋಡಬಹುದು. ಏರಿಸಿದಷ್ಟೂ ಅಂಕಿಯೊಂದು ಬದಲಾಗಿ ಅದೇ ಸಾಲು ಬರುತ್ತಿದ್ದರೆ ಎಲ್ಲೋ ಕೊನೆಯಿಲ್ಲದ ಸುತ್ತು ನಡೆದಿದೆ, ಮೆಮೊರಿ ಕೊಟ್ಟು ತೀರುವುದಲ್ಲ.

ಲಾಗ್‌ನಿಂದ ತಿಳಿಯದಿದ್ದರೆ ಪ್ಲಗಿನ್ಸ್ ಫೋಲ್ಡರ್‌ನ ಹೆಸರು ಬದಲಿಸಿ. ಸೈಟ್ ಎದ್ದರೆ ಅಡ್ಮಿನ್‌ನ ಪ್ಲಗಿನ್ಸ್ ಪುಟವನ್ನು ಒಮ್ಮೆ ತೆರೆಯಿರಿ. ಫೈಲ್ ಸಿಗದ ಕಾರಣ ಎಲ್ಲವೂ ನಿಷ್ಕ್ರಿಯವಾಗುತ್ತವೆ. ಫೋಲ್ಡರ್‌ಗೆ ಮೊದಲಿನ ಹೆಸರಿಟ್ಟು, ಅರ್ಧವನ್ನು ಚಾಲೂ ಮಾಡಿ. ಕೆಟ್ಟರೆ ದೋಷಿ ಆ ಅರ್ಧದಲ್ಲಿ, ಕೆಡದಿದ್ದರೆ ಇನ್ನೊಂದರಲ್ಲಿ. ಹೀಗೆ 32 ಪ್ಲಗಿನ್‌ಗಳಿದ್ದರೂ ಐದೇ ಸುತ್ತು. ಪ್ಲಗಿನ್ಸ್ ಫೋಲ್ಡರ್ ಇಲ್ಲದಿದ್ದರೂ ಸೈಟ್ ಏಳದಿದ್ದರೆ ಡಬ್ಲ್ಯೂಪಿ-ಕಂಟೆಂಟ್‌ನ ಒಳಗೇ ಆಬ್ಜೆಕ್ಟ್-ಕ್ಯಾಶ್, ಅಡ್ವಾನ್ಸ್ಡ್-ಕ್ಯಾಶ್ ಎಂಬ ಪಿಎಚ್‌ಪಿ ಫೈಲ್‌ಗಳಿವೆಯೇ ನೋಡಿ. ಕ್ಯಾಶ್ ಪ್ಲಗಿನ್ ಕಿತ್ತುಹಾಕಿದ ಮೇಲೂ ಇವು ಉಳಿದು ಕಾಡುತ್ತವೆ. ಸದಾ ಚಾಲೂ ಇರುವ ಪ್ಲಗಿನ್‌ಗಳ ಎಂಯು-ಪ್ಲಗಿನ್ಸ್ ಫೋಲ್ಡರ್ ಕೂಡ ಈ ಜರಡಿಗೆ ಸಿಕ್ಕುವುದಿಲ್ಲ. ಜನ ಓಡಾಡುವ ಸೈಟ್‌ನಲ್ಲಿ ಇದನ್ನೆಲ್ಲ ಬಹಿರಂಗವಾಗಿ ಮಾಡಲಾಗದಿದ್ದರೆ, ಹೆಲ್ತ್ ಚೆಕ್ ಪ್ಲಗಿನ್‌ನ ಟ್ರಬಲ್‌ಶೂಟಿಂಗ್ ಮೋಡ್ ನಿಮಗೊಬ್ಬರಿಗೆ ಮಾತ್ರ ಪ್ಲಗಿನ್‌ಗಳನ್ನು ನಿಲ್ಲಿಸಿ ತೋರಿಸುತ್ತದೆ.

ಫೈಲ್ ಏರುತ್ತಿಲ್ಲ

ಒಂದು ಫೈಲ್ ಮೂರು ಬಾಗಿಲು ದಾಟಬೇಕು. ಎನ್‌ಜಿನ್‌ಎಕ್ಸ್ ಇದ್ದರೆ ಅದರ ಮಿತಿ, ಹಾಗೇ ಬಿಟ್ಟರೆ 1 ಎಂಬಿ. ಇಲ್ಲಿ ತಡೆದರೆ 413. ಪಿಎಚ್‌ಪಿಯ ಪೋಸ್ಟ್ ಮ್ಯಾಕ್ಸ್ ಸೈಜ್, ಹಾಗೇ ಬಿಟ್ಟರೆ 8 ಎಂಬಿ. ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್, 2 ಎಂಬಿ. ಹೊರಗಿನ ಬಾಗಿಲು ಒಳಗಿನದಕ್ಕಿಂತ ಚಿಕ್ಕದಿರಬಾರದು. 32 ಎಂಬಿ ಫೈಲ್ ಬೇಕಿದ್ದರೆ ಅಪ್‌ಲೋಡ್‌ಗೆ 32, ಪೋಸ್ಟ್‌ಗೆ 40, ಎನ್‌ಜಿನ್‌ಎಕ್ಸ್‌ಗೆ 40 ಎಂದಿಡಿ. ಪಿಎಚ್‌ಪಿ ಮಿತಿಗಳನ್ನು ಬರೆಯುವ ಯೂಸರ್ ಐಎನ್‌ಐ ಫೈಲ್‌ನಲ್ಲಿ ಬದಲಿಸಿದ್ದು ಜಾರಿಗೆ ಬರಲು 300 ಸೆಕೆಂಡ್ ಬೇಕಾಗಬಹುದು. ಐದು ನಿಮಿಷ ಕಾಯದೆ ಇನ್ನೊಂದು ಫೈಲ್ ತಿದ್ದಲು ಹೋಗಬೇಡಿ.

ಥೀಮ್‌ನ ಜಿಪ್ ಏರಿಸುವಾಗ ‘ದ ಲಿಂಕ್ ಯು ಫಾಲೋಡ್ ಹ್ಯಾಸ್ ಎಕ್ಸ್‌ಪೈರ್ಡ್’ ಎಂದು ಬಂದರೆ ಲಿಂಕ್‌ಗೆ ಏನೂ ಆಗಿಲ್ಲ. ಪೋಸ್ಟ್ ಮಿತಿ ಮೀರಿದಾಗ ಪಿಎಚ್‌ಪಿ ಬಂದ ಫಾರಂ ಪೂರ್ತಿ ಎಸೆದುಬಿಡುತ್ತದೆ. ಅದರೊಳಗಿದ್ದ ನಾನ್ಸ್ ಕೂಡ ಹೋಗುತ್ತದೆ. ನಾನ್ಸ್ ಕಾಣದ ವರ್ಡ್‌ಪ್ರೆಸ್, ಅವಧಿ ಮುಗಿದಿದೆ ಎಂದುಕೊಳ್ಳುತ್ತದೆ. ಇದರ ತಮ್ಮನಂತಹ ಇನ್ನೊಂದು ತೊಂದರೆ: ಉದ್ದದ ಸೆಟ್ಟಿಂಗ್ಸ್ ಪುಟದಲ್ಲಿ ಮೇಲಿನವು ಸೇವ್ ಆಗಿ ಕೆಳಗಿನವು ಆಗದೇ ಇರುವುದು. ಅದಕ್ಕೆ ಮ್ಯಾಕ್ಸ್ ಇನ್‌ಪುಟ್ ವಾರ್ಸ್ (ಒಮ್ಮೆಗೆ ಸ್ವೀಕರಿಸುವ ಖಾನೆಗಳ ಸಂಖ್ಯೆ) ಮಿತಿ ಕಾರಣ, ಹಾಗೇ ಬಿಟ್ಟರೆ 1000.

ಫೈಲ್ ಏರಿ, ನಂತರ ‘ಪೋಸ್ಟ್-ಪ್ರೊಸೆಸಿಂಗ್ ಫೇಲ್ಡ್’ ಎಂದರೆ ಎಂಬಿ ನೋಡಬೇಡಿ, ಪಿಕ್ಸೆಲ್ ನೋಡಿ. 6000 × 4000 ಅಳತೆಯ ಫೋಟೊ ಜೆಪೆಗ್‌ನಲ್ಲಿ 3 ಎಂಬಿ ಇದ್ದರೂ ಬಿಚ್ಚಿದಾಗ ಪಿಕ್ಸೆಲ್‌ಗೆ 4 ಬೈಟ್ ಲೆಕ್ಕದಲ್ಲಿ ಸುಮಾರು 96 ಎಂಬಿ. ಅದನ್ನು ಹಲವು ಅಳತೆಗಳಿಗೆ ಇಳಿಸುವಷ್ಟರಲ್ಲಿ ಮೆಮೊರಿ ಮುಗಿಯುತ್ತದೆ. 5.3ರಿಂದ ವರ್ಡ್‌ಪ್ರೆಸ್ ತಾನೇ 2560 ಪಿಕ್ಸೆಲ್‌ಗೆ ಇಳಿಸಿಕೊಳ್ಳುತ್ತದೆ. ಆ ಇಳಿಸುವ ಕೆಲಸಕ್ಕೂ ಮೆಮೊರಿ ಬೇಕಲ್ಲ! ಏರಿಸುವ ಮೊದಲೇ ನಿಮ್ಮ ಕಂಪ್ಯೂಟರ್‌ನಲ್ಲಿ 2560ಕ್ಕೆ ಇಳಿಸಿ.

ಕನ್ನಡ ಅಕ್ಷರ ಕೆಟ್ಟಾಗ

ಕೆಟ್ಟ ಬಗೆ ನೋಡಿಯೇ ಕಾರಣ ಹೇಳಬಹುದು. ಚೌಕಗಳು ಕಂಡರೆ ಫಾಂಟ್ ಇಲ್ಲ ಅಷ್ಟೇ, ಬರಹ ಸುರಕ್ಷಿತ. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಕೆಟ್ಟ ಸುದ್ದಿ: ಪಾಶ್ಚಾತ್ಯ ಅಕ್ಷರಗಳಿಗಷ್ಟೇ ಇರುವ ಲ್ಯಾಟಿನ್1ನಂತಹ ಸಂಕೇತದ ಟೇಬಲ್‌ಗೆ ಕನ್ನಡ ಹಿಡಿಸದೆ, ಸೇವ್ ಆಗುವಾಗಲೇ ಅಕ್ಷರ ಅಳಿದುಹೋಗಿದೆ. ಬ್ಯಾಕಪ್ ಬಿಟ್ಟರೆ ಗತಿಯಿಲ್ಲ. ಟೇಬಲನ್ನು ಎಲ್ಲ ಲಿಪಿಗಳನ್ನೂ ಹಿಡಿಸುವ ಯುಟಿಎಫ್8ಎಂಬಿ4 ಸಂಕೇತಕ್ಕೆ ಬದಲಿಸಿದ ಮೇಲೆಯೇ ಬರಹ ಮತ್ತೆ ಹಾಕಿ.

ತಲೆಯ ಮೇಲೆ ಗೀಟಿರುವ ಅದೇ ಒಂದು ಲ್ಯಾಟಿನ್ ಅಕ್ಷರ ಮತ್ತೆ ಮತ್ತೆ ಬರುತ್ತಿದ್ದರೆ ಬರಹ ಬದುಕಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಮೂರು ಬೈಟ್, ಮೊದಲನೆಯದು ಎಲ್ಲಕ್ಕೂ ಒಂದೇ. ಅದನ್ನು ಬೇರೆ ಸಂಕೇತದಲ್ಲಿ ಓದಿದಾಗ ಆ ಒಂದೇ ಬೈಟ್ ಪದೇಪದೇ ಮುಖ ತೋರಿಸುತ್ತದೆ. ಕಾನ್ಫಿಗ್‌ನಲ್ಲಿನ ಡಿಬಿ ಚಾರ್‌ಸೆಟ್ ಅಥವಾ ಇಂಪೋರ್ಟ್ ಮಾಡುವಾಗ ಆರಿಸಿದ ಸಂಕೇತ ತಪ್ಪಿದೆ. ಸರಿಪಡಿಸುವ ತನಕ ಯಾವ ಲೇಖನವನ್ನೂ ಎಡಿಟರ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಮಾಡಿದರೆ ಬದುಕಿರುವುದೂ ಕೆಡುತ್ತದೆ. ಇನ್ನು ಒಂದಕ್ಕೊಂದು ಸಂಬಂಧವಿಲ್ಲದ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ ಬಂದರೆ, ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪಿಸಿದ್ದನ್ನು ತಂದು ಅಂಟಿಸಿದ್ದೀರಿ. ಸೈಟ್‌ನ ಫಾಂಟ್ ಬದಲಿಸುವುದು ಮದ್ದಲ್ಲ. ಯುನಿಕೋಡ್‌ಗೆ ಪರಿವರ್ತಿಸಿ ಅಂಟಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ.

ಕನ್ನಡ ಶೀರ್ಷಿಕೆಯ ವಿಳಾಸ ಅರ್ಧಕ್ಕೆ ತುಂಡಾಗುವುದೂ ದೋಷವಲ್ಲ, ಲೆಕ್ಕ. ವಿಳಾಸದ ಬಾಲಕ್ಕೆ ಡೇಟಾಬೇಸ್‌ನಲ್ಲಿರುವ ಜಾಗ 200 ಅಕ್ಷರ. ಕನ್ನಡದ ಒಂದು ಸಂಕೇತ ಅದರೊಳಗೆ ಒಂಬತ್ತಾಗುತ್ತದೆ. ಸ್ವರಚಿಹ್ನೆ, ಅರ್ಧಚಿಹ್ನೆಗಳೂ ಒಂದೊಂದು ಸಂಕೇತವೇ. ಅಂದರೆ 22 ದಾಟುವಂತಿಲ್ಲ. ‘ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುವುದು ಹೇಗೆ’ ಎಂದಿಟ್ಟರೆ ‘ವಿದ್ಯಾರ್ಥಿವೇತನಕ್ಕೆ-ಅರ್ಜ’ ಎಂಬಲ್ಲಿಗೆ ನಿಲ್ಲುತ್ತದೆ. ಅದೇ ಪದಗಳಿಂದ ಶುರುವಾಗುವ ಮುಂದಿನ ಲೇಖನಕ್ಕೆ ಕೊನೆಯಲ್ಲಿ 2 ಅಂಟುತ್ತದೆ. ಪ್ರಕಟಿಸುವ ಮೊದಲೇ ಸ್ಲಗ್ (ಈ ವಿಳಾಸದ ಬಾಲ) ಜಾಗದಲ್ಲಿ ಚಿಕ್ಕದೊಂದನ್ನು ಕೈಯಿಂದ ಬರೆಯಿರಿ. ಪ್ರಕಟಿಸಿದ ಮೇಲೆ ಬದಲಿಸಿದರೆ ಪೋಸ್ಟ್‌ಗಳ ಹಳೆಯ ವಿಳಾಸವನ್ನು ವರ್ಡ್‌ಪ್ರೆಸ್ ನೆನಪಿಟ್ಟು ಹೊಸದಕ್ಕೆ ಕಳಿಸುತ್ತದೆ, ‘ಪೇಜ್’ಗಳದ್ದನ್ನು ಹಾಗೆ ನೆನಪಿಡುವುದಿಲ್ಲ.

ಒಳಗೆ ಹೋಗಲಾಗುತ್ತಿಲ್ಲ

ಪಾಸ್‌ವರ್ಡ್ ಸರಿಯಿದ್ದೂ ಮತ್ತೆ ಲಾಗಿನ್ ಪುಟಕ್ಕೇ ಬಂದು ನಿಂತರೆ, ಅಥವಾ ‘ಟೂ ಮೆನಿ ರೀಡೈರೆಕ್ಟ್ಸ್’ ಎಂದರೆ, ಸೈಟ್‌ನ ಎರಡು ವಿಳಾಸಗಳನ್ನು ನೋಡಿ: ಆಪ್ಷನ್ಸ್ ಟೇಬಲ್‌ನ ಸೈಟ್‌ಯುಆರ್‌ಎಲ್ ಮತ್ತು ಹೋಮ್. ಒಂದರಲ್ಲಿ ಮೂರು ಡಬ್ಲ್ಯೂ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಒಂದು ಎಚ್‌ಟಿಟಿಪಿಎಸ್ ಆಗಿ ಇನ್ನೊಂದು ಆಗಿರದಿದ್ದರೆ ಸಾಕು, ಲಾಗಿನ್ ನೆನಪಿಡುವ ಕುಕಿ ಕೈಗೆ ಸಿಗುವುದಿಲ್ಲ. ಕಾನ್ಫಿಗ್‌ನಲ್ಲಿ ಡಬ್ಲ್ಯೂಪಿ ಹೋಮ್, ಡಬ್ಲ್ಯೂಪಿ ಸೈಟ್‌ಯುಆರ್‌ಎಲ್ ಬರೆದು ಒಳಹೋಗಬಹುದು. ಸಿಡಿಎನ್ ಇದ್ದರೆ ಅದು ನಿಮ್ಮ ಸರ್ವರ್ ಜತೆ ಎಚ್‌ಟಿಟಿಪಿಯಲ್ಲಿ ಮಾತಾಡುತ್ತಾ, ವರ್ಡ್‌ಪ್ರೆಸ್ ಎಚ್‌ಟಿಟಿಪಿಎಸ್‌ಗೆ ತಳ್ಳುತ್ತಾ ಸುತ್ತು ಬಿದ್ದಿರಬಹುದು. ಸಿಡಿಎನ್‌ನಿಂದ ಸರ್ವರ್‌ಗೂ ಎಚ್‌ಟಿಟಿಪಿಎಸ್ ಹಚ್ಚಿ.

ಡೊಮೈನ್ ಬದಲಿಸಿದ ಮೇಲೆ ಡೇಟಾಬೇಸ್‌ನಲ್ಲಿ ನೇರ ಹುಡುಕಿ-ಬದಲಿಸುವ ಆಜ್ಞೆ ಓಡಿಸಬೇಡಿ. ವಿಜೆಟ್, ಥೀಮ್ ಸೆಟ್ಟಿಂಗ್‌ಗಳು ತಮ್ಮ ಪಠ್ಯದ ಪಕ್ಕದಲ್ಲೇ ಅದರ ಉದ್ದವನ್ನು ಅಂಕಿಯಲ್ಲಿ ಬರೆದಿಟ್ಟಿರುತ್ತವೆ. ಹೊಸ ಹೆಸರು ಒಂದಕ್ಷರ ಹೆಚ್ಚುಕಮ್ಮಿಯಾದರೂ ಲೆಕ್ಕ ತಪ್ಪಿ ಆ ಸೆಟ್ಟಿಂಗ್ ಮಾಯವಾಗುತ್ತದೆ. ಆಜ್ಞೆ ಟೈಪಿಸಿ ವರ್ಡ್‌ಪ್ರೆಸ್ ನಡೆಸುವ ಸಾಧನವಾದ ಡಬ್ಲ್ಯೂಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಈ ಉದ್ದವನ್ನೂ ತಿದ್ದುತ್ತದೆ. ಮೊದಲು ಡ್ರೈ-ರನ್ (ಏನನ್ನೂ ಬದಲಿಸದ ಪರೀಕ್ಷೆ) ಮಾಡಿ.

ಉಳಿದವು

‘ಎರರ್ ಎಸ್ಟಾಬ್ಲಿಶಿಂಗ್ ಎ ಡೇಟಾಬೇಸ್ ಕನೆಕ್ಷನ್’ ಸದಾ ಬರುತ್ತಿದ್ದರೆ ಕಾನ್ಫಿಗ್‌ನ ಹೆಸರು, ಬಳಕೆದಾರ, ಪಾಸ್‌ವರ್ಡ್, ಹೋಸ್ಟ್ ನಾಲ್ಕರಲ್ಲೊಂದು ತಪ್ಪು, ಇಲ್ಲವೇ ಡೇಟಾಬೇಸ್ ಸರ್ವರ್ರೇ ಮಲಗಿದೆ. ಆಗಾಗ ಬಂದು ಹೋಗುತ್ತಿದ್ದರೆ ಪಾಸ್‌ವರ್ಡ್ ಮುಟ್ಟಬೇಡಿ, ಕಾರಣ ಸರ್ವರ್ ಮೇಲಿನ ಹೊರೆ.

‘ಬ್ರೀಫ್ಲಿ ಅನ್‌ಅವೈಲಬಲ್’ ಎಂದು ನಿಂತರೆ ಅಪ್‌ಡೇಟ್ ಅರ್ಧಕ್ಕೆ ಕಡಿದಿದೆ. ಸೈಟ್‌ನ ಮೂಲ ಫೋಲ್ಡರ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಮೇಂಟೆನೆನ್ಸ್ ಫೈಲ್ ಅಳಿಸಿ. ಹತ್ತು ನಿಮಿಷ ಹಳತಾದರೆ ವರ್ಡ್‌ಪ್ರೆಸ್ ತಾನೇ ಅದನ್ನು ಲೆಕ್ಕಿಸುವುದಿಲ್ಲ, ಆಮೇಲೂ ಆ ಪುಟವೇ ಬರುತ್ತಿದ್ದರೆ ನೀವು ನೋಡುತ್ತಿರುವುದು ಕ್ಯಾಶ್. ಸೈಟ್ ಎದ್ದ ಮೇಲೆ ಆ ಪ್ಲಗಿನ್ ಪೂರ್ತಿ ಬಂದಿದೆಯೇ ನೋಡಿ.

ನಿಗದಿಪಡಿಸಿದ ಲೇಖನ ಹೊತ್ತಿಗೆ ಬರದಿದ್ದರೆ, ವರ್ಡ್‌ಪ್ರೆಸ್‌ನ ಗಡಿಯಾರ ಯಾರಾದರೂ ಸೈಟ್‌ಗೆ ಬಂದಾಗ ಮಾತ್ರ ಓಡುತ್ತದೆ ಎಂಬುದು ನೆನಪಿರಲಿ. ಕ್ರಾನ್ ಎಂಬ ಈ ಒಳಗಿನ ಗಡಿಯಾರವನ್ನು ನಿಲ್ಲಿಸಿ, ಹೋಸ್ಟಿಂಗ್‌ನ ಕ್ರಾನ್‌ನಿಂದ ಐದು ನಿಮಿಷಕ್ಕೊಮ್ಮೆ ಓಡಿಸಿ. ಮೇಲ್ ಹೋಗದಿದ್ದರೆ ಮೇಲ್ ಸರ್ವರ್ ಮೂಲಕ ಕಳಿಸುವ ಎಸ್‌ಎಂಟಿಪಿ ಪ್ಲಗಿನ್ ಹಾಕಿ, ಮೇಲ್ ನಿಮ್ಮದೇ ಎಂದು ಸಾರುವ ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನು ಡೊಮೈನ್‌ಗೆ ಸೇರಿಸಿ.

ರಿಪೇರಿ ಮುಗಿದ ಮೇಲೆ ಡೀಬಗ್ ನಿಲ್ಲಿಸಿ, ಡೀಬಗ್ ಡಾಟ್ ಲಾಗ್ ಅಳಿಸಿ. ಅದು ಇರುವ ವಿಳಾಸ ಎಲ್ಲರಿಗೂ ಗೊತ್ತು, ಸರ್ವರ್ ತಡೆಯದಿದ್ದರೆ ಯಾರು ಬೇಕಾದರೂ ಓದಬಹುದು. ಟೇಬಲ್ ರಿಪೇರಿಗೆಂದು ಡಬ್ಲ್ಯೂಪಿ ಅಲೌ ರಿಪೇರ್ ಹಚ್ಚಿದ್ದರೆ ಆ ಸಾಲನ್ನೂ ತೆಗೆಯಿರಿ, ಆ ಪುಟ ಲಾಗಿನ್ ಕೇಳುವುದಿಲ್ಲ. ಪರೀಕ್ಷೆಗೆ 777 (ಯಾರು ಬೇಕಾದರೂ ತಿದ್ದಬಹುದು) ಮಾಡಿದ ಅನುಮತಿಗಳಿದ್ದರೆ ಫೋಲ್ಡರ್‌ಗಳನ್ನು 755ಕ್ಕೆ, ಫೈಲ್‌ಗಳನ್ನು 644ಕ್ಕೆ ಇಳಿಸಿ. ಹೆಸರು ಬದಲಿಸಿ ಬಿಟ್ಟ ಹಳೆಯ ಪ್ಲಗಿನ್ ಫೋಲ್ಡರ್‌ಗಳನ್ನು ಅಳಿಸಿ: ನಿಷ್ಕ್ರಿಯವಾಗಿದ್ದರೂ ಅವುಗಳೊಳಗಿನ ಫೈಲ್‌ಗಳನ್ನು ಹೊರಗಿನಿಂದ ನೇರವಾಗಿ ತೆರೆಯಬಹುದು.